ತೊಳೆದಷ್ಟೂ ಬಿಳಿ ಪೊರೆ: ಬಿಯರ್ ಮಾಡುವ ಪಾತ್ರೆಗಳಿಗೆ ಅಂಟಿದ ಸುಣ್ಣ ತೆಗೆಯುವುದು ಹೇಗೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಸ್ಯಾನ್ ಆಂಟೋನಿಯೋ ಊರಿನಲ್ಲಿ ಇದ್ದೇನೆ. ಇಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಹಿಡಿದಿದೆ. 10 ಗ್ಯಾಲನ್‌ನ ಸ್ಟೀಲ್ ಪಾತ್ರೆ, ಬಿಯರ್ ಹುದುಗಿಸುವ ಎರಡು ಗಾಜಿನ ಕಾರ್ಬಾಯ್ (ಸಣ್ಣ ಕತ್ತಿನ ದೊಡ್ಡ ಬಾಟಲಿ), ಬಿಯರ್ ತುಂಬಿಡುವ ಎರಡು ಕೆಗ್ (ಸ್ಟೀಲ್ ಪೀಪಾಯಿ) ಇವೆ. ಪ್ರತಿ ಸಲವೂ ಬಿಯರ್ ಪಾತ್ರೆ ತೊಳೆಯುವ ಪಿಬಿಡಬ್ಲ್ಯು ಪುಡಿ ಹಾಕಿ ರಾತ್ರಿಯಿಡೀ ನೆನೆಸಿ ತೊಳೆಯುತ್ತೇನೆ. ಪುಡಿ ಮುಗಿದಾಗ ಆಕ್ಸಿಕ್ಲೀನ್ ಬಳಸಿದ್ದೂ ಉಂಟು. ಬಿಯರಿನ ಕೊಳೆಯೆಲ್ಲ ಹೋಗುತ್ತದೆ, ಆದರೆ ಒಣಗಿದ ಮೇಲೆ ಒಳಗೆಲ್ಲ ಬಿಳಿ ಪೊರೆ ಕಾಣುತ್ತದೆ. ಪುಡಿ ಸಾಲಲಿಲ್ಲವೇನೋ ಅಂತ ಇನ್ನೂ ಜಾಸ್ತಿ ಹಾಕಿ ತೊಳೆದರೆ ಪೊರೆಯೂ ಜಾಸ್ತಿ ಆಯಿತು. ಉಜ್ಜಿದರೆ ಹೋಗುವುದಿಲ್ಲ. ಸ್ಟೀಲ್ ಪಾತ್ರೆಯ ತಳದಲ್ಲಿ ಹಳದಿ-ಕಂದು ಕಲೆಯೂ ಇದೆ. ಒಂದು ಕಾರ್ಬಾಯ್ ಮಂಜು ಕವಿದ ಹಾಗೆ ಆಗಿದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗಿನಿಂದ ಉಜ್ಜಬಹುದೇ? ಈಗ ಕೆಗ್‌ನಲ್ಲಿರುವ ಬಿಯರ್ ಚೆಲ್ಲಬೇಕೇ?

ಉತ್ತರ: ಮೊದಲು ಸ್ಟೀಲ್ ಜುಂಗನ್ನು ಕೆಳಗಿಡಿ. ಅದರ ಮಾತು ಆಮೇಲೆ.

ನೀವು ತೊಳೆಯುವುದರಲ್ಲಿ ಸೋಮಾರಿತನ ಮಾಡಿಲ್ಲ. ಪಾತ್ರೆಗೆ ಅಂಟಿರುವುದು ಬಿಯರಿನ ಕೊಳೆಯೂ ಅಲ್ಲ. ಅದು ನಿಮ್ಮ ನಲ್ಲಿ ನೀರಿನಲ್ಲಿ ಕರಗಿದ್ದ ಸುಣ್ಣ. ನೀವು ಹಾಕಿದ ಪುಡಿ ಆ ಸುಣ್ಣವನ್ನು ನೀರಿನಿಂದ ಬಿಡಿಸಿ ಪಾತ್ರೆಗೆ ಅಂಟಿಸಿದೆ. ಅಂಟಿಸಿದ ಪುಡಿಯಿಂದಲೇ ಅದನ್ನು ತೆಗೆಯಲು ಆಗುವುದಿಲ್ಲ, ಎಷ್ಟು ಹಾಕಿದರೂ ಅಷ್ಟೇ. ಇದಕ್ಕೆ ಬೇಕಾದದ್ದು ಹುಳಿ, ಅಂದರೆ ಆಮ್ಲ.

ಸ್ಯಾನ್ ಆಂಟೋನಿಯೋ ಊರಿನ ನೀರು ಬಹುಪಾಲು ಎಡ್ವರ್ಡ್ಸ್ ಅಕ್ವಿಫರ್ ಎಂಬ ಸುಣ್ಣಕಲ್ಲಿನ ಅಂತರ್ಜಲದಿಂದ ಬರುತ್ತದೆ. ಸುಣ್ಣಕಲ್ಲಿನೊಳಗೆ ಹರಿದು ಬಂದ ನೀರು ಕ್ಯಾಲ್ಸಿಯಂ ಹೊತ್ತು ತರದೆ ಇರುತ್ತದೆಯೇ? ಅಲ್ಲಿನ ನೀರಿನ ಗಡಸುತನ ಗ್ಯಾಲನ್‌ಗೆ ಸುಮಾರು 15ರಿಂದ 20 ಗ್ರೇನ್. ಒಂದು ಗ್ರೇನ್ ಅಂದರೆ ಲೀಟರ್‌ಗೆ ಸುಮಾರು 17 ಮಿಲಿಗ್ರಾಂ. ಅಂದರೆ ನಿಮ್ಮ ಒಂದೊಂದು ಲೀಟರ್ ನೀರಿನಲ್ಲೂ ಹತ್ತಿರ ಹತ್ತಿರ 300 ಮಿಲಿಗ್ರಾಂ ಸುಣ್ಣದ ಲೆಕ್ಕದ ಗಡಸುತನ ಇದೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸುವ ಗೀಸರ್‌ನ ಕಾಯಿಲ್ ಮೇಲೆ ಬಿಳಿ ಹೆಕ್ಕಳೆ ಕಟ್ಟುತ್ತದಲ್ಲ, ಅದೂ ಇದೇ ಪದಾರ್ಥ.

ಈಗ ಪುಡಿಯ ಕಡೆ ಬನ್ನಿ. ಪಿಬಿಡಬ್ಲ್ಯು ಇರಲಿ, ಆಕ್ಸಿಕ್ಲೀನ್ ಇರಲಿ, ಎರಡರಲ್ಲೂ ಮುಖ್ಯ ಕೆಲಸಗಾರ ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದ ಕೂಡಲೇ ಅದು ಎರಡಾಗಿ ಒಡೆಯುತ್ತದೆ. ಒಂದು ಹೈಡ್ರೊಜನ್ ಪೆರಾಕ್ಸೈಡ್, ಇನ್ನೊಂದು ವಾಷಿಂಗ್ ಸೋಡಾ. ತೂಕದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಸೋಡಾನೇ. ಪೆರಾಕ್ಸೈಡ್ ಕೊಳೆಯನ್ನು ಸಡಿಲಿಸುತ್ತದೆ. ಸೋಡಾ ನೀರನ್ನು ಕ್ಷಾರ ಮಾಡಿ ಜಿಡ್ಡು, ಪ್ರೋಟೀನ್, ಯೀಸ್ಟ್ ಅನ್ನು ಕರಗಿಸುತ್ತದೆ. ಇದು ಬಹಳ ಒಳ್ಳೆಯ ಕೆಲಸ, ಅದನ್ನು ಬೇರೆ ಯಾವ ಪುಡಿಯೂ ಇಷ್ಟು ಸುಲಭವಾಗಿ ಮಾಡುವುದಿಲ್ಲ. ಆದರೆ ಅದೇ ಸೋಡಾದಲ್ಲಿರುವ ಕಾರ್ಬೊನೇಟ್ ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದೇ ಇಲ್ಲ ಅಂದರೂ ಸರಿ. ಸಣ್ಣ ಸಣ್ಣ ಹರಳಾಗಿ ಇಳಿದು, ಪಾತ್ರೆಯ ಗೋಡೆ ಸಿಕ್ಕಲ್ಲಿ ಕೂತುಬಿಡುತ್ತದೆ. ನೀರು ಬಿಸಿ ಇದ್ದಷ್ಟೂ, ನೆನೆಸುವ ಹೊತ್ತು ಹೆಚ್ಚಿದಷ್ಟೂ ಗಟ್ಟಿಯಾಗಿ ಕೂರುತ್ತದೆ. ರಾತ್ರಿಯಿಡೀ ನೆನೆಸುವ ನಿಮ್ಮ ಪದ್ಧತಿ ಅದಕ್ಕೆ ಬೇಕಾದ ಬಿಡುವನ್ನೆಲ್ಲ ಕೊಟ್ಟಿದೆ.

ಪಿಬಿಡಬ್ಲ್ಯುನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ಪದಾರ್ಥವನ್ನೂ ಬೆರೆಸಿರುತ್ತಾರೆ. ಸಾಧಾರಣ ನೀರಿಗೆ ಅದು ಸಾಕು. ನಿಮ್ಮ ಊರಿನ ನೀರಿಗೆ ಸಾಲುವುದಿಲ್ಲ. ಆಕ್ಸಿಕ್ಲೀನ್ ಬಟ್ಟೆ ಒಗೆಯಲೆಂದು ಮಾಡಿದ್ದು, ಅದರಿಂದ ಪೊರೆ ಇನ್ನೂ ಬೇಗ ಕಟ್ಟುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. 5 ಗ್ಯಾಲನ್ ಕಾರ್ಬಾಯ್ ತುಂಬಲು 19 ಲೀಟರ್ ನೀರು ಬೇಕು. ಲೀಟರ್‌ಗೆ 300 ಮಿಲಿಗ್ರಾಂ ಅಂದರೆ ಒಟ್ಟು 5ರಿಂದ 6 ಗ್ರಾಂ ಸುಣ್ಣ. ಅದರಲ್ಲಿ ಸ್ವಲ್ಪ ಭಾಗ ನೀರಿನ ಜೊತೆ ಚರಂಡಿಗೆ ಹೋಗುತ್ತದೆ, ಉಳಿದದ್ದು ಗೋಡೆಯ ಮೇಲೆ. ಒಮ್ಮೆ ತೊಳೆದು ಪೊರೆ ಕಂಡಿತು ಅಂತ ಮತ್ತೊಮ್ಮೆ ತುಂಬಿದಿರಿ ನೋಡಿ, ಆಗ ಇನ್ನೂ 5-6 ಗ್ರಾಂ ಹೊಸದಾಗಿ ಒಳಗೆ ಬಂತು. ಪುಡಿ ಜಾಸ್ತಿ ಹಾಕಿದ್ದಕ್ಕಿಂತ, ಹೊಸ ಗಡಸು ನೀರು ತುಂಬಿದ್ದೇ ಪೊರೆ ದಪ್ಪವಾಗಲು ಕಾರಣ. ಪುಡಿ ಅಗತ್ಯಕ್ಕಿಂತ ಜಾಸ್ತಿ ಹಾಕಿದರೆ ಬೇರೆ ತೊಂದರೆ ಇದೆ, ಅದನ್ನು ಗಾಜಿನ ಮಾತು ಬಂದಾಗ ಹೇಳುತ್ತೇನೆ.

ತೆಗೆಯುವ ಮೊದಲು ಏನು ಅಂಟಿದೆ ಅಂತ ಗುರುತಿಸಬೇಕು. ನಿಮ್ಮ ಪ್ರಶ್ನೆಯಲ್ಲೇ ಕನಿಷ್ಠ ಎರಡು ಬೇರೆ ಬೇರೆ ಪದಾರ್ಥಗಳಿವೆ, ಬಹುಶಃ ಮೂರು. ಎಲ್ಲಕ್ಕೂ ಒಂದೇ ಔಷಧಿ ಇಲ್ಲ.

ಮೊದಲು ಬಿಸಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒಂದು ಮೂಲೆಯನ್ನು ಒರೆಸಿ. ಪೊರೆ ಹೋದರೆ ಅದು ಸರಿಯಾಗಿ ತೊಳೆಯದೆ ಉಳಿದ ಪುಡಿಯೇ. ಕೈಗೆ ಜಾರುವ ಹಾಗೆ ಅನಿಸುತ್ತದೆ. ಇನ್ನೆರಡು ಸಲ ಬಿಸಿನೀರಿನಲ್ಲಿ ಜಾಲಿಸಿದರೆ ಮುಗಿಯಿತು. ಹೋಗದಿದ್ದರೆ, ಒಣಗಿದ ಜಾಗದ ಮೇಲೆ ನಾಲ್ಕು ಹನಿ ಬಿಳಿ ವಿನೆಗರ್ ಬಿಡಿ. ಸಣ್ಣ ಗುಳ್ಳೆ ಎದ್ದು, ಒಂದೆರಡು ನಿಮಿಷದಲ್ಲಿ ಆ ಜಾಗ ತಿಳಿಯಾದರೆ ಅದು ಸುಣ್ಣ. ಪೊರೆ ತೆಳುವಾಗಿದ್ದರೆ ಗುಳ್ಳೆ ಕಣ್ಣಿಗೆ ಕಾಣದೆ ಇರಬಹುದು, ಹಾಗಾಗಿ ಜಾಗ ತಿಳಿಯಾಯಿತೇ ಅಂತ ಒಣಗಿಸಿ ನೋಡಿ. ವಿನೆಗರ್‌ಗೂ ಜಗ್ಗದೆ ಹಳದಿ, ಬೂದು ಅಥವಾ ಕಂದು ಬಣ್ಣದಲ್ಲಿ ಉಳಿದರೆ ಅದು ಬಿಯರ್‌ಸ್ಟೋನ್, ಅಂದರೆ ಬಿಯರಿನಿಂದಲೇ ಕಟ್ಟುವ ಗಟ್ಟಿ ಪದರ. ನಿಮ್ಮ ಸ್ಟೀಲ್ ಪಾತ್ರೆಯ ತಳದಲ್ಲಿ ಇರುವುದು ಅದೇ ಇರಬೇಕು.

ಬಿಳಿ ಪೊರೆಯನ್ನು ತೆಗೆಯುವುದು ಕಷ್ಟವಲ್ಲ. ಸಿಟ್ರಿಕ್ ಆಸಿಡ್ ತಗೊಳ್ಳಿ. ಊರಿನ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರಲ್ಲ, ಅದೇ. ಅಮೆರಿಕದಲ್ಲಿ ಹಣ್ಣು ತರಕಾರಿಯನ್ನು ಬಾಟಲಿಗೆ ಹಾಕಿಡುವ ಸಾಮಾನಿನ ಸಾಲಿನಲ್ಲೂ, ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ. ವಿನೆಗರ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ವಾಸನೆ ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಹಿಡಿದುಕೊಂಡುಬಿಡುತ್ತದೆ. ನಾನಂತೂ ಬಿಯರ್ ಪಾತ್ರೆಗೆ ಸಿಟ್ರಿಕ್ ಆಸಿಡ್ಡೇ ಬಳಸಿ ಅಂತ ಹೇಳುತ್ತೇನೆ.

ಲೀಟರ್ ನೀರಿಗೆ 15ರಿಂದ 20 ಗ್ರಾಂ ಸಾಕು. ಒಂದು ದೊಡ್ಡ ಚಮಚ ಅಂದುಕೊಳ್ಳಿ. 1 ಗ್ರಾಂ ಸುಣ್ಣ ಕರಗಲು ಸುಮಾರು 1.3 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ನಿಮ್ಮ ಕಾರ್ಬಾಯ್‌ನಲ್ಲಿ ಪೂರ್ತಿ 6 ಗ್ರಾಂ ಅಂಟಿದ್ದರೂ 8 ಗ್ರಾಂ ಸಾಕಾಗುತ್ತದೆ. ಆದ್ದರಿಂದ 2 ಲೀಟರ್ ನೀರಿಗೆ 30-40 ಗ್ರಾಂ ಹಾಕಿದರೆ ಧಾರಾಳ. ಇಡೀ ಪಾತ್ರೆ ತುಂಬಿಸಿ ಅರ್ಧ ಡಬ್ಬಿ ಆಸಿಡ್ ಸುರಿಯುವ ಅಗತ್ಯವೇ ಇಲ್ಲ. ಗೋಡೆಗೆಲ್ಲ ಆಗಾಗ ತಾಗುವ ಹಾಗೆ ತಿರುಗಿಸಿದರೆ ಆಯಿತು. ಈ ನೀರಿಗಾದರೂ ನಲ್ಲಿ ನೀರು ಬಿಟ್ಟು ಆರ್‌ಒ ನೀರು ಬಳಸಿ.

ನೀರು ಬೆಚ್ಚಗಿರಲಿ, ಕುದಿಯುವುದು ಬೇಡ. 50 ಡಿಗ್ರಿ ಸೆಲ್ಸಿಯಸ್, ನಿಮ್ಮ ಥರ್ಮಾಮೀಟರ್‌ನಲ್ಲಿ 120 ಫ್ಯಾರನ್‌ಹೀಟ್ ಆಸುಪಾಸು. ಬಿಸಿ ಜಾಸ್ತಿ ಇದ್ದರೆ ಕೆಲಸ ಬೇಗ ಆಗುತ್ತದೆ ಅಂತ ಹಲವರು ಕುದಿಸುತ್ತಾರೆ. ಸಿಟ್ರಿಕ್ ಆಸಿಡ್ ವಿಷಯದಲ್ಲಿ ಇದರಿಂದ ತೊಂದರೆ ಆಗಬಹುದು. ಸುಣ್ಣ ಕರಗಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಕರಗುವುದೇ ಕಡಿಮೆ. ಬಿಸಿ ಏರಿದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಹುಳಿ ಸಾಕಷ್ಟು ಉಳಿದಿದ್ದರೆ ಅದು ನೀರಿನಲ್ಲೇ ಇರುತ್ತದೆ. ಹುಳಿ ಮುಗಿದು, ನೀರೂ ಕುದಿಯುತ್ತಿದ್ದರೆ ಬಿಳಿ ಪುಡಿಯಾಗಿ ಮತ್ತೆ ಕೂರುತ್ತದೆ. ಆಗ ನೀವು ಒಂದು ಬಿಳಿ ಪೊರೆ ತೆಗೆದು ಇನ್ನೊಂದನ್ನು ತಂದುಕೊಂಡ ಹಾಗಾಯಿತು. ಅದಕ್ಕೇ ಬೆಚ್ಚಗಿನ ನೀರು, ಸ್ವಲ್ಪ ಧಾರಾಳ ಆಸಿಡ್, 20-30 ನಿಮಿಷ. ಆಮೇಲೆ ಒಳಗೆ ಒಣಗಲು ಬಿಡದೆ ಚೆಲ್ಲಿ, ಎರಡು ಸಲ ಜಾಲಿಸಿ.

ದೊಡ್ಡ ಸ್ಟೀಲ್ ಪಾತ್ರೆಯನ್ನು ತಿರುಗಿಸುವುದು ಕಷ್ಟ, ಅಲ್ವಾ. ಅದಕ್ಕೆ ಸುಲಭದ ದಾರಿ ಇದೆ. ಅಡುಗೆಮನೆಯ ಪೇಪರ್ ಟವಲ್ ಅನ್ನು ಈ ನೀರಿನಲ್ಲಿ ಅದ್ದಿ ಒಳಗೋಡೆಗೆ ಅಂಟಿಸಿ. 15-20 ನಿಮಿಷ ಬಿಟ್ಟು ತೆಗೆದು, ಮೆತ್ತನೆಯ ಸ್ಪಂಜಿನಿಂದ ಒರೆಸಿ. ಪೊರೆ ಅದರ ಜೊತೆಗೇ ಬರುತ್ತದೆ. ನೀರಿನ ಮಟ್ಟದ ಗೆರೆ ಇರುವ ಕಡೆ ಇನ್ನೊಂದು ಸಲ ಮಾಡಬೇಕಾಗಬಹುದು.

ಕೆಗ್‌ಗೆ 2 ಲೀಟರ್ ಹಾಕಿ ಮುಚ್ಚಿ, ಉರುಳಿಸಿ, ತಲೆಕೆಳಗೆ ಮಾಡಿ, ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ. ಸುಣ್ಣ ಕರಗುವಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಹಾಗಾಗಿ ನಡುನಡುವೆ ಮುಚ್ಚಳದ ವಾಲ್ವ್ ಎಳೆದು ಗಾಳಿ ಬಿಡಿ. ಗಾಜಿನ ಕಾರ್ಬಾಯ್‌ಗೆ ಮಾತ್ರ ಯಾವತ್ತೂ ಬಿಗಿಯಾಗಿ ಬಿರಡೆ ಹಾಕಬೇಡಿ. ಒಳಗೆ ಒತ್ತಡ ಬಂದರೆ ಗಾಜು ತಡೆಯುವುದಿಲ್ಲ. ತಣ್ಣಗಿರುವ ಗಾಜಿಗೆ ತುಂಬ ಬಿಸಿಯಾದ ನೀರನ್ನೂ ಸುರಿಯಬೇಡಿ. ಒದ್ದೆ ಕಾರ್ಬಾಯ್‌ನ ಕತ್ತು ಹಿಡಿದು ಎತ್ತಬೇಡಿ. ಒಡೆದ ಕಾರ್ಬಾಯ್‌ನಿಂದ ಆಗುವ ಗಾಯ ಚಿಕ್ಕದಲ್ಲ, ಕೈಯ ನರ ಕತ್ತರಿಸುವಷ್ಟು ಆಳವಾಗಬಹುದು. ಇದನ್ನು ನಾನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ.

ಕೆಗ್‌ನಲ್ಲಿ ಎಲ್ಲರೂ ಮರೆಯುವ ಜಾಗ ಒಳಗಿನ ಉದ್ದ ಕೊಳವೆ. ಮೇಲಿನ ಪೋಸ್ಟ್ (ಪೈಪ್ ಸಿಕ್ಕಿಸುವ ಮೂತಿ) ಬಿಚ್ಚಿ ಕೊಳವೆ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಳಗೆ ಒರಟಾಗಿ ಕಂಡರೆ ಅದನ್ನೂ, ಪೋಸ್ಟಿನ ಸಣ್ಣ ಸ್ಪ್ರಿಂಗ್ ತುಂಡುಗಳನ್ನೂ ಅದೇ ನೀರಿನಲ್ಲಿ ನೆನೆಸಿ. ಬಿಯರ್ ಸುರಿಸುವಾಗ ಬರೀ ನೊರೆ ಬರುತ್ತಿದೆ ಅಂತ ಜನ ಒತ್ತಡ ಸರಿಮಾಡುತ್ತಾ ಕೂರುತ್ತಾರೆ. ಎಷ್ಟೋ ಸಲ ಕಾರಣ ಈ ಒರಟು ಕೊಳವೆ. ಹರಳಿನ ಒರಟುತನ ಸಿಕ್ಕ ಕಡೆ ಗ್ಯಾಸ್ ಗುಳ್ಳೆಯಾಗಿ ಹೊರಗೆ ಬರುತ್ತದೆ.

ಬಿಯರ್ ತಣ್ಣಗೆ ಮಾಡುವ ಚಿಲ್ಲರ್ ನಿಮ್ಮಲ್ಲಿ ಯಾವುದು ಇದೆ ಅಂತ ನೀವು ಬರೆದಿಲ್ಲ. ಪ್ಲೇಟ್ ಚಿಲ್ಲರ್ ಆಗಿದ್ದರೆ ಬಿಯರ್ ಹೋಗುವ ಬದಿಯಷ್ಟೇ ಅಲ್ಲ, ನಲ್ಲಿ ನೀರು ಹೋಗುವ ಬದಿಗೂ ಸುಣ್ಣ ಕಟ್ಟುತ್ತದೆ. ಗಡಸು ನೀರು, ಪಕ್ಕದಲ್ಲಿ ಕುದಿಯುವ ವರ್ಟ್ (ಇನ್ನೂ ಹುದುಗದ ಮಾಲ್ಟ್ ರಸ), ಇನ್ನೇನು ಬೇಕು? ಬೇಸಿಗೆಯಲ್ಲಿ ತಣ್ಣಗಾಗುವುದು ನಿಧಾನವಾಯಿತು ಅನಿಸಿದರೆ ಹವೆಯನ್ನು ಮಾತ್ರ ದೂರಬೇಡಿ. ಎರಡೂ ಬದಿಗೆ ಸಿಟ್ರಿಕ್ ನೀರನ್ನು ಪಂಪಿನಿಂದ 20 ನಿಮಿಷ ಸುತ್ತಿಸಿ. ತಾಮ್ರದ ಸುರುಳಿಯಾಗಿದ್ದರೆ ಹತ್ತು ನಿಮಿಷ ಸಾಕು, ನೆನೆಸಿಟ್ಟು ಮರೆಯಬೇಡಿ. ನೀರು ನೀಲಿ-ಹಸಿರಾದರೆ ತಾಮ್ರವೇ ಕರಗುತ್ತಿದೆ ಅಂತ ಅರ್ಥ. ಪೆರಾಕ್ಸೈಡ್ ಇರುವ ಪುಡಿಯ ನೀರಿನ ಜೊತೆ ಹುಳಿ ಬೆರೆತರಂತೂ ತಾಮ್ರ ಬೇಗ ಕರಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಇರುವವರಿಗೆ ಒಂದೇ ಮಾತು: ಅದನ್ನು ಕ್ಷಾರದ ಪುಡಿಯಲ್ಲಿ ನೆನೆಸಬಾರದು, ಹುಳಿಯಲ್ಲೂ ಬಹಳ ಹೊತ್ತು ಬಿಡಬಾರದು. ಅದರ ಮೇಲಿನ ಮಂಕು ಬೂದು ಬಣ್ಣ ಕೊಳೆಯಲ್ಲ, ಲೋಹವನ್ನು ಕಾಯುವ ಪದರ. ಅದು ಹಾಗೇ ಇರಲಿ.

ಬಿಯರ್‌ಸ್ಟೋನ್ ಬೇರೆಯದೇ ಕತೆ. ಅದು ಕ್ಯಾಲ್ಸಿಯಂ ಆಕ್ಸಲೇಟ್. ಆಕ್ಸಲೇಟ್ ಬರುವುದು ಬಾರ್ಲಿ ಮಾಲ್ಟ್‌ನಿಂದ, ಕ್ಯಾಲ್ಸಿಯಂ ನೀರಿನಿಂದ. ಜೊತೆಗೆ ಪ್ರೋಟೀನ್ ಹೆಣೆದುಕೊಂಡು ಗಟ್ಟಿಯಾಗುತ್ತದೆ. ವಿನೆಗರ್‌ಗೆ ಅದು ಕರಗುವುದಿಲ್ಲ, ಹಾಗಾಗಿಯೇ ಮೇಲೆ ಹೇಳಿದ ವಿನೆಗರ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಸಿಟ್ರಿಕ್‌ನಿಂದಲೂ ಹೆಚ್ಚೇನು ಆಗುವುದಿಲ್ಲ. ಬ್ರೂವರಿಗಳಿಗೆಂದೇ ಮಾಡಿದ, ಫಾಸ್ಫರಿಕ್ ಮತ್ತು ನೈಟ್ರಿಕ್ ಆಸಿಡ್ ಬೆರೆಸಿದ ಕ್ಲೀನರ್ ಬೇಕು. ಹೋಮ್‌ಬ್ರೂ ಸಾಮಾನಿನ ಅಂಗಡಿಯಲ್ಲಿ ಸಣ್ಣ ಬಾಟಲಿ ಕೇಳಿ. ಅಳತೆ ಬಾಟಲಿಯ ಮೇಲೆ ಬರೆದಷ್ಟೇ ಇರಲಿ, ಅಂದಾಜು ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಆಸಿಡ್ ಸುತ್ತು ಮುಗಿದ ಮೇಲೆ ಚೆನ್ನಾಗಿ ಜಾಲಿಸಿ, ಆಮೇಲೆ ನಿಮ್ಮ ಪಿಬಿಡಬ್ಲ್ಯು ಸುತ್ತು ಮಾಡಿ. ಆಸಿಡ್ ಖನಿಜವನ್ನು ಸಡಿಲಿಸುತ್ತದೆ, ಕ್ಷಾರ ಅದರ ನಡುವಿನ ಪ್ರೋಟೀನ್ ಅನ್ನು ಕರಗಿಸುತ್ತದೆ. ದಪ್ಪ ಪದರ ಆಗಿದ್ದರೆ ಈ ಜೋಡಿ ಸುತ್ತನ್ನು ಇನ್ನೊಮ್ಮೆ ಮಾಡಬೇಕಾದೀತು.

ಇಲ್ಲಿ ಹಲವರು ಎಡವುವ ಒಂದು ಜಾಗ ಇದೆ. ಅಮೆರಿಕದಲ್ಲಿ ಸ್ಟೀಲ್ ಪಾತ್ರೆ ಹೊಳೆಯಿಸಲು ಬಾರ್ ಕೀಪರ್ಸ್ ಫ್ರೆಂಡ್ ಎಂಬ ಪುಡಿ ಎಲ್ಲ ಮನೆಯಲ್ಲೂ ಇರುತ್ತದೆ. ತುಕ್ಕಿನ ಕಲೆ, ಸುಟ್ಟ ಕಲೆಗೆ ಒಳ್ಳೆಯ ಪುಡಿ. ಆದರೆ ಅದರಲ್ಲಿರುವುದು ಆಕ್ಸಾಲಿಕ್ ಆಸಿಡ್. ಸುಣ್ಣದ ಪೊರೆ ಇರುವ ಪಾತ್ರೆಗೆ ಅದನ್ನು ಹಾಕಿದರೆ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿಬಿಡುತ್ತವೆ. ಅಂದರೆ ಸುಲಭವಾಗಿ ಹೋಗುತ್ತಿದ್ದ ಸುಣ್ಣವನ್ನು ನೀವೇ ಬಿಯರ್‌ಸ್ಟೋನಿನ ಖನಿಜವಾಗಿ ಬದಲಿಸಿದ ಹಾಗೆ. ಮೊದಲು ಸಿಟ್ರಿಕ್‌ನಿಂದ ಸುಣ್ಣ ತೆಗೆಯಿರಿ, ಕಲೆ ಉಳಿದರೆ ಮಾತ್ರ ಆ ಪುಡಿ.

ಈಗ ಸ್ಟೀಲ್ ಜುಂಗಿನ ವಿಷಯ. ನಿಮ್ಮ ಪಾತ್ರೆ ಸ್ಟೇನ್‌ಲೆಸ್ ಆಗಿ ಉಳಿದಿರುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡ್‌ನ ತೀರ ತೆಳು ಪದರದಿಂದ. ಜುಂಗಿನಿಂದ ಉಜ್ಜಿದರೆ ಆ ಪದರ ಗೀರುತ್ತದೆ, ಜುಂಗಿನ ಕಬ್ಬಿಣದ ಚೂರು ಗೀರಿನೊಳಗೆ ಸೇರುತ್ತದೆ. ಎರಡು ವಾರದಲ್ಲಿ ತುಕ್ಕಿನ ಚುಕ್ಕಿ ಶುರು. ಗೀರಿನಲ್ಲಿ ಬ್ಯಾಕ್ಟೀರಿಯಾ ಕೂತರೆ ಯಾವ ಸ್ಯಾನಿಟೈಸರ್‌ಗೂ ಸುಲಭವಾಗಿ ಸಿಗುವುದಿಲ್ಲ. ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಅಥವಾ ಬಾತ್‌ರೂಮ್ ತೊಳೆಯುವ ಆಸಿಡ್ ಕೂಡ ಸ್ಟೀಲ್‌ಗೆ ಬೇಡ. ಅದರ ಕ್ಲೋರೈಡ್ ಸ್ಟೀಲ್‌ನಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ಕ್ಲೋರಿನ್ ಬ್ಲೀಚ್ ನೆನೆಸಿಡುವುದೂ ಹಾಗೆಯೇ. ಬ್ಲೀಚ್ ಮತ್ತು ಯಾವುದೇ ಹುಳಿ, ಅದು ಬರೀ ವಿನೆಗರ್ ಆದರೂ, ಒಂದೇ ಪಾತ್ರೆಯಲ್ಲಿ ಸೇರಬಾರದು. ವಿಷಕಾರಿ ಕ್ಲೋರಿನ್ ಗ್ಯಾಸ್ ಬರುತ್ತದೆ. ಮುಚ್ಚಿದ ಗರಾಜಿನಲ್ಲಿ ಅದು ಜೀವಕ್ಕೇ ಅಪಾಯ.

ಸುಮ್ನೆ ನೋಡಲು ಚೆನ್ನಾಗಿರುವುದಿಲ್ಲ ಅನ್ನುವುದು ಬಿಟ್ಟರೆ ಪೊರೆಯಿಂದ ಏನು ನಷ್ಟ ಅಂತ ಕೇಳಬಹುದು. ಇದೆ. ನೀವು ಸ್ಟಾರ್ ಸ್ಯಾನ್ ಥರದ ಸ್ಯಾನಿಟೈಸರ್ ಬಳಸುತ್ತಿದ್ದರೆ ಅದು ಕೆಲಸ ಮಾಡುವುದೇ ಹುಳಿಯಿಂದ. ಅದರಲ್ಲಿ ಫಾಸ್ಫರಿಕ್ ಆಸಿಡ್ ಇದೆ, ಪಿಎಚ್ 3ಕ್ಕಿಂತ ಕೆಳಗೆ ಇರಬೇಕು. ಗೋಡೆಯ ಮೇಲಿನ ಸುಣ್ಣ ಆ ಹುಳಿಯನ್ನು ತಿಂದುಹಾಕುತ್ತದೆ. ಪೊರೆಯ ಹಿಂದೆ ಅಡಗಿದ ಸೂಕ್ಷ್ಮಜೀವಿಗೆ ಸ್ಯಾನಿಟೈಸರ್ ಸರಿಯಾಗಿ ತಲುಪುವುದೂ ಇಲ್ಲ. ನಿಮ್ಮ ನಲ್ಲಿ ನೀರಿನಲ್ಲಿ ಸ್ಟಾರ್ ಸ್ಯಾನ್ ಬೆರೆಸಿದರೆ ಕೂಡಲೇ ಮೋಡ ಕವಿದ ಹಾಗೆ ಆಗುತ್ತದೆ. ಮೋಡವಾದ ಮಾತ್ರಕ್ಕೆ ಅದು ಕೆಟ್ಟಿತು ಅಂತ ಅಲ್ಲ, ಪಿಎಚ್ ಪಟ್ಟಿ ಅದ್ದಿ ನೋಡಿ. ಆದರೆ ಆರ್‌ಒ ನೀರಿನಲ್ಲಿ ಬೆರೆಸಿದರೆ ತಿಳಿಯಾಗಿಯೂ ಇರುತ್ತದೆ, ಬಹಳ ದಿನ ಬಾಳಿಕೆಯೂ ಬರುತ್ತದೆ. ಬಿಯರಿನಲ್ಲಿ ತೇಲಿಸಿ ಸಕ್ಕರೆ ಎಷ್ಟಿದೆ ಅಂತ ನೋಡುವ ಹೈಡ್ರೋಮೀಟರ್‌ಗೂ ಈ ಪೊರೆ ಅಂಟುತ್ತದೆ. ಅದರ ತೂಕ ಸ್ವಲ್ಪ ಹೆಚ್ಚಿದರೂ ಅದು ಇನ್ನಷ್ಟು ಮುಳುಗುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ಹುದುಗು ಮುಗಿಯಿತು ಅಂತ ನೀವು ಅಂದುಕೊಂಡಾಗ ಇನ್ನೂ ಸಕ್ಕರೆ ಉಳಿದಿರಬಹುದು. ಅದನ್ನು ಒಂದು ಲೋಟ ವಿನೆಗರ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು.

ಮುಂದೆ ಪೊರೆ ಕಟ್ಟದ ಹಾಗೆ ನೋಡಿಕೊಳ್ಳುವುದು ತೆಗೆಯುವುದಕ್ಕಿಂತ ಸುಲಭ. ನನ್ನ ಸಲಹೆಯಲ್ಲಿ ಮುಖ್ಯವಾದದ್ದು ಇದೇ: ಪುಡಿ ಬದಲಿಸಬೇಡಿ, ನೀರು ಬದಲಿಸಿ. ಸ್ಯಾನ್ ಆಂಟೋನಿಯೋದಲ್ಲಿ ಬಹಳ ಮನೆಗಳಲ್ಲಿ ವಾಟರ್ ಸಾಫ್ಟನರ್ ಇರುತ್ತದೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಬಿಯರ್ ಮಾಡಲು ಆ ನೀರು ಒಳ್ಳೆಯದಲ್ಲ, ತೊಳೆಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಒಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಹಿತ್ತಲ ನಲ್ಲಿ, ಗರಾಜಿನ ಪೈಪ್‌ಗೆ ಸಾಫ್ಟನರ್‌ನ ಸಂಪರ್ಕ ಕೊಟ್ಟಿರುವುದಿಲ್ಲ. ಗಿಡಕ್ಕೆ ಆ ನೀರು ಬೇಡ ಅಂತ ನೇರ ನೀರೇ ಬಿಟ್ಟಿರುತ್ತಾರೆ. ಬಿಯರ್ ಮಾಡುವವರು ಪಾತ್ರೆ ತೊಳೆಯುವುದು ಮಾತ್ರ ಅಲ್ಲೇ! ಮನೆಯಲ್ಲಿ ಸಾಫ್ಟನರ್ ಇದ್ದೂ ಪಾತ್ರೆ ಬಿಳಿಯಾಗುತ್ತಿದ್ದರೆ ಮೊದಲು ಇದನ್ನು ನೋಡಿ. ಸಾಫ್ಟನರ್ ಇಲ್ಲದಿದ್ದರೆ ಸೂಪರ್ ಮಾರ್ಕೆಟ್‌ನಲ್ಲಿ ಗ್ಯಾಲನ್ ಲೆಕ್ಕದಲ್ಲಿ ಕ್ಯಾನ್ ತುಂಬಿಸಿಕೊಡುವ ಆರ್‌ಒ ನೀರು ತನ್ನಿ. ಒಂದು ಸಲ ಬೆರೆಸಿದ ಪುಡಿ ನೀರನ್ನು ಮೊದಲು ಕಾರ್ಬಾಯ್‌ಗೆ, ಅಲ್ಲಿಂದ ಕೆಗ್‌ಗೆ, ಕೊನೆಗೆ ಕುದಿಸುವ ಪಾತ್ರೆಗೆ ಅಂತ ಅದೇ ದಿನ ಸಾಗಿಸಿದರೆ ನೀರೂ ಉಳಿಯುತ್ತದೆ.

ನೆನೆಸುವ ಹೊತ್ತು ಕಡಿಮೆ ಮಾಡಿ. 60 ಡಿಗ್ರಿ ಸೆಲ್ಸಿಯಸ್, ಅಂದರೆ 140 ಫ್ಯಾರನ್‌ಹೀಟ್ ಬಿಸಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಕೆಲವು ಗಂಟೆ ಕಳೆದರೆ ಪೆರಾಕ್ಸೈಡ್ ಹೇಗೂ ಖಾಲಿಯಾಗಿರುತ್ತದೆ. ಆಮೇಲೆ ನಡೆಯುವುದು ಸುಣ್ಣ ಕೂರುವ ಕೆಲಸ ಮಾತ್ರ. ಗಾಜಿಗೆ ಇಷ್ಟು ಬಿಸಿ ಬೇಡ, ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಬಿಡಿ. ಗ್ಯಾಲನ್‌ಗೆ ಒಂದು ಔನ್ಸ್ ಪುಡಿ, ಅಂದರೆ ಲೀಟರ್‌ಗೆ 7-8 ಗ್ರಾಂ, ಸಾಧಾರಣ ಕೊಳೆಗೆ ಧಾರಾಳ. ಪುಡಿ ನೀರು ಚೆಲ್ಲಿದ ಕೂಡಲೇ, ಗೋಡೆ ಒಣಗುವ ಮೊದಲೇ ಜಾಲಿಸಿ. ಕೊನೆಯಲ್ಲಿ ಸ್ವಲ್ಪ ಸಿಟ್ರಿಕ್ ನೀರು ಹಾಕಿ ಒಮ್ಮೆ ಅಲ್ಲಾಡಿಸಿ ಚೆಲ್ಲಿದರೆ, ಅಂದು ಕೂತ ಸುಣ್ಣ ಅಂದೇ ಹೋಗುತ್ತದೆ. ದೊಡ್ಡವರೂ ಇದನ್ನೇ ಮಾಡುತ್ತಾರೆ. ಅಮೆರಿಕದ ಬಾರ್‌ಗಳಲ್ಲಿ ಬಿಯರ್ ಪೈಪುಗಳನ್ನು ಎರಡು ವಾರಕ್ಕೊಮ್ಮೆ ಕ್ಷಾರದಿಂದ, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಬೇಕು ಅಂತ ಅಲ್ಲಿನ ಬ್ರೂವರ್‌ಗಳ ಸಂಘದ ಕೈಪಿಡಿ ಹೇಳುತ್ತದೆ. ಬರೀ ಕ್ಷಾರ ಸಾಕಾಗುವುದಿಲ್ಲ ಅನ್ನುವುದು ಅವರ ಅನುಭವಕ್ಕೂ ಬಂದದ್ದೇ.

ಇದನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಓದುವವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯ ಬಳಕೆಗೆ ಬಿಯರ್ ಮಾಡಿಕೊಳ್ಳಲು ದಾರಿಯಾಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರ್ ಕೂಡ ಅದರಲ್ಲಿ ಸೇರುತ್ತದೆ. ಸುಣ್ಣ ತೆಗೆಯುವ ವಿಧಾನ ಮಾತ್ರ ಬೋರ್‌ವೆಲ್ ನೀರಿನ ಎಲೆಕ್ಟ್ರಿಕ್ ಕೆಟಲ್‌ಗೂ ಸ್ಟೀಲ್ ಬಕೆಟ್‌ಗೂ ಹಾಗೇ ಅನ್ವಯಿಸುತ್ತದೆ.

ನಿಮ್ಮ ಮಂಜು ಕವಿದ ಕಾರ್ಬಾಯ್ ಬಗ್ಗೆ. ಸಿಟ್ರಿಕ್ ನೀರಿನಲ್ಲಿ ಒಂದು ಗಂಟೆ ಇಟ್ಟು ಜಾಲಿಸಿ, ಪೂರ್ತಿ ಒಣಗಿಸಿ ನೋಡಿ. ಒದ್ದೆ ಇರುವಾಗ ಎಲ್ಲ ಗಾಜೂ ತಿಳಿಯಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ. ಮಂಜು ಹೋದರೆ ಸಂತೋಷ. ಹೋಗದಿದ್ದರೆ ಎರಡು ಸಾಧ್ಯತೆ. ಪಿಬಿಡಬ್ಲ್ಯುನಲ್ಲಿ ಸೋಡಿಯಂ ಮೆಟಾಸಿಲಿಕೇಟ್ ಇದೆ. ಪುಡಿ ಜಾಸ್ತಿ ಹಾಕಿ, ಗಡಸು ನೀರಿನಲ್ಲಿ ಬಹಳ ಹೊತ್ತು ಬಿಟ್ಟು, ಅದು ಗೋಡೆಯ ಮೇಲೆ ಒಣಗಿದರೆ ಸಿಲಿಕೇಟ್ ಪೊರೆ ಉಳಿಯುತ್ತದೆ. ಅದೂ ಗಾಜಿನ ಜಾತಿಯದೇ, ಅಡುಗೆಮನೆಯ ಯಾವ ಹುಳಿಗೂ ಜಗ್ಗುವುದಿಲ್ಲ. ಇಲ್ಲವೇ ಬಿಸಿ ಕ್ಷಾರದಲ್ಲಿ ಮತ್ತೆ ಮತ್ತೆ ನೆನೆದು ಗಾಜಿನ ಮೈಯೇ ಸವೆದಿರಬಹುದು. ಎರಡಕ್ಕೂ ಮನೆಯಲ್ಲಿ ಪರಿಹಾರ ಇಲ್ಲ. ಅದನ್ನು ಕರಗಿಸುವ ಆಸಿಡ್ ಮನುಷ್ಯರ ಹತ್ತಿರ ಸುಳಿಯಬಾರದಂಥದ್ದು, ಹುಡುಕಲೂ ಹೋಗಬೇಡಿ. ಒಳಗೆ ಕೈ ಹೋಗುವುದಿಲ್ಲವಾದ್ದರಿಂದ ಮೆತ್ತನೆಯ ಬ್ರಷ್ ಆಡಿಸಿ ನೋಡಿ. ನುಣ್ಣಗೆ ಜಾರಿದರೆ ಆ ಕಾರ್ಬಾಯ್ ಬಳಸಬಹುದು, ಬಿಯರ್‌ಗೆ ಏನೂ ಆಗುವುದಿಲ್ಲ. ಎಲ್ಲಾದರೂ ಬಿರುಕಿನ ಗೆರೆ ಕಂಡರೆ ಮಾತ್ರ ಅಂದೇ ಬಿಸಾಡಿ.

ಕೆಗ್‌ನಲ್ಲಿರುವ ಬಿಯರ್ ಚೆಲ್ಲಬೇಡಿ. ಬಿಯರಿನ ಪಿಎಚ್ 4ರಿಂದ 4.5ರ ಸುತ್ತ ಇರುತ್ತದೆ, ಗೋಡೆಯ ಸುಣ್ಣದಲ್ಲಿ ಸ್ವಲ್ಪ ಅದರಲ್ಲಿ ಕರಗಿರಬಹುದು. ನೀವು ದಿನಾ ಕುಡಿಯುವ ನಲ್ಲಿ ನೀರಿನಲ್ಲಿರುವ ಕ್ಯಾಲ್ಸಿಯಂ ತಾನೇ ಅದು. ರುಚಿ ಕೊಂಚ ಸಪ್ಪೆ ಅನಿಸಬಹುದು, ಅಷ್ಟೇ. ಆದರೆ ಬಾಯಿಗೆ ಸೋಪಿನ ಹಾಗೆ ಜಾರುವ ರುಚಿ ಬಂದರೆ ಅದು ಸುಣ್ಣವಲ್ಲ, ಜಾಲಿಸದೆ ಉಳಿದ ಪುಡಿ. ಆಗ ಮಾತ್ರ ಚೆಲ್ಲಿ, ಕೆಗ್ ಬಿಚ್ಚಿ ಮೊದಲಿನಿಂದ ತೊಳೆಯಿರಿ.